ನನ್ನ ಅಳತೆಯ ಕುರ್ಚಿ

ಗುರುವಾರ ಮಧ್ಯಾಹ್ನ ನಾನು ಸಿನಿಮಾಗೆ ಹೋಗುತ್ತಿದ್ದೆ. ಒಬ್ಬಳೇ, ಎರಡೂವರೆಯ ಆಟಕ್ಕೆ. ಯಾವ ಸಿನಿಮಾ ಎಂದು ವಿಚಾರಿಸಿಕೊಂಡು ಹೋದವಳಲ್ಲ, ಹಾಕಿದ್ದನ್ನು ನೋಡಿಕೊಂಡು ಬರುವವಳು. ಮಗಳು ನಗುತ್ತಿದ್ದಳು. "ಅಮ್ಮಾ, ಹೋದ ವಾರಾನೂ ಇದೇ ಅಲ್ವಾ ನೋಡಿದ್ದು?"

"ಹೋದ ವಾರ ಮಧ್ಯದಲ್ಲಿ ಜೊಂಪು ಹತ್ತಿತ್ತು ಕಣೆ. ಬಿಟ್ಟುಹೋದದ್ದು ನೋಡಬೇಡ್ವಾ?"

ನಮ್ಮದು ದರ್ಜಿಯ ಮನೆ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ ಮತ್ತೊಂದು ಅಡುಗೆಮನೆ. ನಮ್ಮವರು ಕೆಳಗೆ ಕತ್ತರಿಸಿ ಹೊಲಿಯುತ್ತಾರೆ. ಕಾಜಾ, ಗುಂಡಿ, ಅಂಚು ಮಡಿಸುವುದು, ಇಂಥ ಕೈಕೆಲಸವೆಲ್ಲ ಮೇಲೆ ನನ್ನದು. ಏನಾದರೂ ಬೇಕಾದಾಗ ಅವರು ಅಳತೆಕೋಲಿನಿಂದ ಚಾವಣಿಗೆ ಕುಟ್ಟುತ್ತಾರೆ. ಎರಡು ಕುಟ್ಟಿದರೆ ಚಹಾ. ಮೂರು ಕುಟ್ಟಿದರೆ, ಗಿರಾಕಿ ಬಂದಿದ್ದಾರೆ, ಕೆಲಸ ಮುಗಿದಿದ್ದರೆ ತಾ ಎಂದು. ಒರಟಾಗಿ ಕುಟ್ಟಿದವರಲ್ಲ. ಮಲಗಿದ ಮಗುವಿನ ಕೋಣೆಯ ಬಾಗಿಲು ತಟ್ಟುವವರ ಹಾಗೆ ಮೆಲ್ಲಗೆ. ಇಪ್ಪತ್ತೆರಡು ವರ್ಷದಿಂದ ಮೆಲ್ಲಗೆ. ಮಗಳನ್ನು ಗುಬ್ಬಿ ಎನ್ನುತ್ತೇವೆ, ಹುಟ್ಟಿದಾಗ ಅಷ್ಟೇ ಇದ್ದಳು. ಈಗ ನನಗಿಂತ ಒಂದು ಗೇಣು ಎತ್ತರ. ಕಾಲೇಜಿನಿಂದ ಬಂದವಳು ಮೆಟ್ಟಿಲಿನ ಬುಡದಲ್ಲೇ "ಅಮ್ಮಾ" ಎಂದು ಶುರುಮಾಡಿದರೆ ಮೇಲೆ ಬರುವಷ್ಟರಲ್ಲಿ ಐದಾರು ಸಲ ಕರೆದಿರುತ್ತಾಳೆ. ಏನು ಎಂದು ಕೇಳಿದರೆ ಏನೂ ಇಲ್ಲ.

ಥಿಯೇಟರಿನ ಕತ್ತಲೆಯಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ನಾನು ಹೋಗುತ್ತಿದ್ದದ್ದು ಅದಕ್ಕೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಾರೆ, ಅವರಿಗೆ ಕಷಾಯ ಮಾಡಿಕೊಡಬೇಕಾದದ್ದು ನಾನಲ್ಲ. ಪರದೆಯ ಮೇಲೆ ಯಾರೋ ಅಳುತ್ತಾರೆ, ಸಮಾಧಾನ ಮಾಡಬೇಕಾದದ್ದೂ ನಾನಲ್ಲ. ಒಮ್ಮೆ ಸಿನಿಮಾದಲ್ಲಿ ಯಾರೋ ಬಾಗಿಲನ್ನು ಎರಡು ಸಲ ತಟ್ಟಿದಾಗ ನಾನು ಸೀಟಿನಿಂದ ಅರ್ಧ ಎದ್ದುಬಿಟ್ಟಿದ್ದೆ. ಆಮೇಲೆ ಕತ್ತಲಲ್ಲೇ ನಕ್ಕು ಕೂತೆ.

ಇದನ್ನು ಮನೆಯಲ್ಲಿ ಹೇಗೆ ಹೇಳುವುದು? ಕೇಳಿದರೆ ಕರೆಯುವವರ ಮನಸ್ಸು ಮುದುಡುತ್ತದೆ. ಹಾಗಾಗಿ ನನಗೆ ಸಿನಿಮಾ ಹುಚ್ಚು ಎಂದೇ ಹೆಸರಾಯಿತು. ನಾನೂ ಇರಲಿ ಬಿಡು ಎಂದುಕೊಂಡೆ. ಅಲ್ಲೇ ನಾನು ತಪ್ಪಿದ್ದು.

ಒಂದು ಗುರುವಾರ ಥಿಯೇಟರಿನ ಕೊನೆಯ ಮೆಟ್ಟಿಲಿನಲ್ಲಿ ಕಾಲು ಹೊರಳಿತು. ಕುಂಟುತ್ತ ಮನೆಗೆ ಬಂದೆ. ಹತ್ತು ದಿನ ಪಟ್ಟಿ. ನಮ್ಮವರೇ ಬೆಳಿಗ್ಗೆ ಸಂಜೆ ಮುಲಾಮು ಹಚ್ಚಿದರು, ಗುಬ್ಬಿ ಅನ್ನ ಸೀಯಿಸಿದಳು, ಮೂವರೂ ಅದನ್ನೇ ಉಂಡೆವು. ಹನ್ನೊಂದನೆಯ ದಿನ ಪಟ್ಟಿ ಬಿಚ್ಚುತ್ತ ನಮ್ಮವರು ಹೇಳಿದರು:

"ಇನ್ಮೇಲೆ ನೀನು ಅಷ್ಟು ದೂರ ನಡ್ಕೊಂಡು ಹೋಗೋದು ಬೇಡ ಇವಳೇ. ಥಿಯೇಟರನ್ನೇ ಮನೆಗೆ ತರೋಣ."

ಹಿಂದೆ ಗುಬ್ಬಿ ಬಾಯಿ ಮುಚ್ಚಿಕೊಂಡು ಕುಣಿಯುತ್ತಿದ್ದಳು. ಅಪ್ಪ ಮಗಳು ಸೇರಿ ವಾರದಿಂದ ಒಳಗೊಳಗೇ ಮಾತಾಡಿಕೊಂಡಿದ್ದರು. ದುಡ್ಡು ಎಲ್ಲಿಂದ ಎಂದೆ. ಕಾವಲುಗಾರರ ಕಂಪನಿಗೆ ಹೊಲಿದ ಸಮವಸ್ತ್ರದ್ದು ಬಂದಿದೆ ಎಂದರು. ಅದನ್ನು ಅವರು ಬಟ್ಟೆಯಂಚು ಬಿಚ್ಚದಂತೆ ಹೊಲಿಯುವ ಹೊಸ ಓವರ್‌ಲಾಕ್ ಮಿಷನ್ನಿಗೆಂದು ಎತ್ತಿಟ್ಟಿದ್ದರು. "ಹಳೇ ಮಿಷನ್ನು ಇನ್ನೊಂದು ವರ್ಷ ಎಳೆಯುತ್ತೆ. ನಿನ್ನ ಕಾಲು ಎಳೆಯಲ್ಲ," ಎಂದು ಪಟ್ಟಿಯನ್ನು ನೀಟಾಗಿ ಸುತ್ತಿ ಉಂಡೆ ಮಾಡಿದರು. ನನ್ನ ಕಣ್ಣು ತುಂಬಿ ಬಂತು. ಅವರು ಅದನ್ನು ಸಂತೋಷ ಎಂದುಕೊಂಡರು.

ಸ್ಪೀಕರು ಆರಿಸಲು ಮೂವರೂ ಹೋದೆವು. ಹೊಸ ಅಂಗಡಿಗಳ ಬೆಲೆ ಗುಬ್ಬಿ ಮೊದಲೇ ಫೋನಿನಲ್ಲಿ ನೋಡಿ ಕೈಬಿಟ್ಟಿದ್ದಳು. ಹಳೆಯ ಸಾಮಾನು ರಿಪೇರಿ ಮಾಡಿ ಮಾರುವ ಮೆಕ್ಯಾನಿಕ್ ಒಬ್ಬರಿದ್ದರು. ಅಂಗಡಿಯ ತುಂಬ ಹೊಟ್ಟೆ ಬಿಚ್ಚಿದ ಟೀವಿಗಳು, ಸೀಸ ಕಾಯಿಸಿದ ವಾಸನೆ.

"ಮೊದ್ಲು ಬಜೆಟ್ ಹೇಳಿ. ಆಸೆ ಆಮೇಲೆ ಹೇಳಿ," ಎಂದರು ಮೆಕ್ಯಾನಿಕ್.

ಗುಬ್ಬಿ ಬಜೆಟ್ ಹೇಳಿ, ಫೋನಿನಲ್ಲಿದ್ದ ಚಿತ್ರ ತೋರಿಸಿದಳು. "ಇಷ್ಟಕ್ಕೇ ಐದು ಸ್ಪೀಕರಿನ ಹೊಸ ಸೆಟ್ಟು ಬರುತ್ತೆ ಅಂಕಲ್. ಡಬ್ಬದ ಮೇಲೆ ಸಾವಿರ ವ್ಯಾಟ್ ಅಂತ ಬರೆದಿದೆ."

"ಬರೆಯೋಕೆ ಕರೆಂಟು ಬೇಡಮ್ಮಾ," ಎಂದರು ಅವರು. "ನನ್ನ ಮಾತು ಕೇಳಿ. ದುಡ್ಡಲ್ಲಿ ಮುಕ್ಕಾಲು ಪಾಲು ಮುಂದಿನ ಮೂರು ಸ್ಪೀಕರಿಗೆ ಹಾಕಿ. ಎಡ, ಬಲ, ಮಧ್ಯ. ಸಿನಿಮಾದಲ್ಲಿ ಮಾತೆಲ್ಲ ಮಧ್ಯದ್ದರಿಂದ ಬರುತ್ತೆ, ಅದು ಚೆನ್ನಾಗಿರಬೇಕು. ಹಿಂದಿನ ಎರಡು ಸಣ್ಣದಿದ್ರೂ ನಡೆಯುತ್ತೆ. ಎಲ್ಲಕ್ಕೂ ಸದ್ದು ಹಂಚೋ ರಿಸೀವರ್ ಹಳೇದಿದೆ, ನಾನೇ ಸರಿ ಮಾಡಿರೋದು, ಕೊಡ್ತೀನಿ. ಗುಡುಗಿನ ಪೆಟ್ಟಿಗೆ ಈಗಲೇ ಬೇಡ."

"ಗುಡುಗಿನ ಪೆಟ್ಟಿಗೆ ಅಂದ್ರೆ?"

"ಸಬ್‌ವೂಫರ್. ಎದೆಗೆ ಗುದ್ದುತ್ತಲ್ಲ, ಆ ಸದ್ದಿಗೆ."

ನಮ್ಮವರು ಅಷ್ಟರಲ್ಲಿ ಸ್ಪೀಕರಿನ ಮುಖದ ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದರು. "ನೇಯ್ಗೆ ತುಂಬ ಸಡಿಲ ಇದೆಯಲ್ಲ."

"ಸಡಿಲ ಇದ್ರೇನೇ ಸದ್ದು ಆಚೆ ಬರೋದು ಸ್ವಾಮಿ."

"ಹೌದಾ? ನಾನು ಸಡಿಲ ಹೊಲಿದ್ರೆ ಗಿರಾಕಿ ಒಳಗೇ ಬರಲ್ಲ."

ಇಬ್ಬರೂ ನಕ್ಕು ಸ್ನೇಹಿತರಾದರು. ಆಗ ಮೆಕ್ಯಾನಿಕ್ ನನ್ನ ಕಡೆ ತಿರುಗಿದರು. "ಕೇಳೋರು ನೀವಂತೆ. ನಿಮಗೆ ಹೇಗಿರಬೇಕು, ಹೇಳಿ ಅಕ್ಕಾ."

ಮೂರೂ ಮುಖ ನನ್ನ ಕಡೆ. ಹೇಳುವುದಾದರೆ ಅಲ್ಲೇ ಹೇಳಬೇಕಿತ್ತು. ನಮ್ಮವರ ಕೈ ಇನ್ನೂ ಸ್ಪೀಕರಿನ ತಲೆಯ ಮೇಲಿತ್ತು, ಕರುವನ್ನು ಕೊಳ್ಳಲು ಬಂದವರ ಹಾಗೆ.

"ಮಾತು ಕೇಳಿಸಿದ್ರೆ ಸಾಕು," ಎಂದೆ.

ಭಾನುವಾರ ಜೋಡಿಸುವ ಕೆಲಸ. ನಮ್ಮವರು ಟೇಪನ್ನು ಕೊರಳಿಗೆ ಹಾಕಿಕೊಂಡೇ ಮೇಲೆ ಬಂದರು. ಮುಂದಿನ ಕೋಣೆಯಿಂದ ಮಂಚ ಹೋಯಿತು, ಬೀರು ಹೋಯಿತು, ನನ್ನ ಕಾಜಾ ಬುಟ್ಟಿ ಅಡುಗೆಮನೆಗೆ ಹೋಯಿತು. ಮನೆಯ ಟೀವಿ ಮಾತ್ರ ಅಲ್ಲೇ ಉಳಿಯಿತು. ಎಡ ಬಲದ ಸ್ಪೀಕರಿನ ನಡುವೆ ಎಷ್ಟು ದೂರವೋ ಅವುಗಳಿಂದ ಕುರ್ಚಿಗೂ ಅಷ್ಟೇ ದೂರ ಇರಬೇಕಂತೆ. ನೆಲದ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತ್ರಿಕೋನ ಎಳೆದರು. ಅದರ ತುದಿಯಲ್ಲಿ ನನ್ನ ಕುರ್ಚಿ. ನಾಲ್ಕೂ ಕಾಲಿಗೆ ನಾಲ್ಕು ಗುರುತು.

"ಇದನ್ನ ಒರೆಸಬೇಡ. ಒಂದಿಂಚು ಆಚೀಚೆ ಆದ್ರೂ ಕೆಡುತ್ತೆ."

"ಗುಡಿಸೋದು ಹೇಗ್ರೀ?"

"ಸುತ್ತ ಗುಡಿಸು."

ವೈರುಗಳಿಗೆ ಬಾಗಿಲಿನ ಪರದೆಯ ಬಣ್ಣದ ಬಟ್ಟೆಯಲ್ಲಿ ಉದ್ದನೆಯ ತೋಳು ಹೊಲಿದು ತೊಡಿಸಿದ್ದರು. ಕೋಟಿನ ಒಳಬಟ್ಟೆಯ ಚೀಲಗಳಿಗೆ ಎರಡು ವರ್ಷದ ಚೂರುಪಾರು ತುಂಬಿ ದಪ್ಪನೆಯ ಹಲಗೆಗಳಂತೆ ಮಾಡಿದ್ದರು. ಸದ್ದು ಗೋಡೆಗೆ ಬಡಿದು ವಾಪಸು ಬಂದರೆ ಕಲಸಿಹೋಗುತ್ತದೆಂದು ಮೆಕ್ಯಾನಿಕ್ ಹೇಳಿಕೊಟ್ಟಿದ್ದರಂತೆ. ಎಲ್ಲಿ ಬಡಿಯುತ್ತದೆ ಎಂದು ಕಂಡುಹಿಡಿಯುವುದಕ್ಕೂ ಉಪಾಯ ಇತ್ತು. ನಾನು ಕುರ್ಚಿಯಲ್ಲಿ ಕೂರಬೇಕು. ಗುಬ್ಬಿ ಅಂಗಡಿಯ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಸರಿಸುತ್ತ ಹೋಗಬೇಕು. ಕನ್ನಡಿಯಲ್ಲಿ ನನಗೆ ಸ್ಪೀಕರು ಕಂಡ ಜಾಗದಲ್ಲಿ ಹಲಗೆ.

"ಕಾಣಿಸ್ತಾ ಅಮ್ಮಾ?"

"ಇಲ್ಲ."

"ಈಗ?"

ಕಂಡಿತು. ಕನ್ನಡಿ ಕಿಟಕಿಯ ಮೇಲಿತ್ತು.

ಬೀದಿಯ ಕಡೆಗೆ ಇರುವ ಒಂದೇ ಕಿಟಕಿ ಅದು. ಕಾಜಾ ಹಾಕುವಾಗ ನಾನು ಕೂರುವ ಜಾಗ. "ಇನ್ನೂ ಸ್ವಲ್ಪ ಮುಂದೆ ನೋಡು," ಎಂದೆ. ಗುಬ್ಬಿ ಮುಂದೆ ಸರಿಸಿದಳು, ಸ್ಪೀಕರು ಮಾಯವಾಯಿತು. ಲೆಕ್ಕಾಚಾರ ಸುಳ್ಳು ಹೇಳುವುದಿಲ್ಲ. ನಮ್ಮವರು ಕಿಟಕಿಯ ಅಳತೆ ತೆಗೆದುಕೊಂಡು ಕೆಳಗೆ ಹೋದರು, ಒಂದು ಗಂಟೆಯಲ್ಲಿ ಇನ್ನೊಂದು ಹಲಗೆ ಹೊಲಿದು ತಂದು ಕಿಟಕಿಗೆ ಸರಿಯಾಗಿ ಕೂರಿಸಿದರು. ಎಂಥ ಕೆಲಸ! ಬೆಳಕಿನ ಒಂದು ಎಳೆಯೂ ಒಳಗೆ ಬರಲಿಲ್ಲ.

ಕೊನೆಗೆ ಶ್ರುತಿ ಕೂಡಿಸುವುದು. ರಿಸೀವರಿನ ಜೊತೆ ಗುಂಡಿಯಷ್ಟೇ ಗಾತ್ರದ ಮೈಕು ಬಂದಿತ್ತು. ಅದನ್ನು ಕೇಳುವವರ ಕಿವಿಯ ಎತ್ತರದಲ್ಲಿಟ್ಟರೆ ರಿಸೀವರು ತಾನೇ ಸದ್ದು ಮಾಡಿ, ತಾನೇ ಕೇಳಿಸಿಕೊಂಡು, ಆ ಜಾಗಕ್ಕೆ ತಕ್ಕಂತೆ ಎಲ್ಲ ಸ್ಪೀಕರುಗಳನ್ನೂ ಸರಿಮಾಡಿಕೊಳ್ಳುತ್ತದೆ. ನಮ್ಮವರು ನನ್ನ ಕಿವಿಯ ಎತ್ತರ ಅಳೆಯಲು ಬಂದರು.

"ಬೆನ್ನು ನೆಟ್ಟಗೆ. ಎದೆ ಎತ್ತು. ಉಸಿರು ಹಿಡ್ಕೋ."

ಗಿರಾಕಿಗೆ ಹೇಳುವುದನ್ನೇ ಹೇಳಿದರು. ಬಾಯಿಗೆ ರೂಢಿಯಾಗಿಹೋಗಿದೆ. ನಾನೂ ರೂಢಿಯಂತೆ ಉಸಿರು ಹಿಡಿದೆ. ನಲವತ್ತಮೂರು ಇಂಚು. ಅಂಗಡಿಯಿಂದ ಬಟ್ಟೆ ತೊಡಿಸುವ ಬೊಂಬೆ ತಂದು ನನ್ನ ಕುರ್ಚಿಯಲ್ಲಿ ಕೂರಿಸಿ, ಅದರ ಕೊರಳಿನ ಕೋಲಿಗೆ ನಲವತ್ತಮೂರು ಇಂಚಿಗೆ ಸರಿಯಾಗಿ ಮೈಕು ಕಟ್ಟಿದರು.

"ಅಮ್ಮ ಸಣ್ಣ ಆದ್ರು," ಎಂದಳು ಗುಬ್ಬಿ.

"ತಲೆ ಇಲ್ಲದಿರೋದು ನೋಡಿ ನಾನೇ ಅಂದ್ಕೊಂಡ್ಯಾ?" ಎಂದೆ.

ಸದ್ದು ಮಾಡಬಾರದೆಂದು ಮೂವರೂ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ಆಚೆ ರಿಸೀವರು ಪ್ರತಿ ಸ್ಪೀಕರಿನಿಂದಲೂ ಜರಡಿ ಹಿಡಿದಂಥ ಸದ್ದು ಹೊರಡಿಸುತ್ತಿತ್ತು. ಒಳಗೆ ಒಬ್ಬರ ಭುಜಕ್ಕೆ ಒಬ್ಬರು ತಾಗಿ ನಿಂತಿದ್ದೆವು. ಗುಬ್ಬಿ ನಗು ತಡೆಯಲಾರದೆ ನನ್ನ ಬೆನ್ನಿಗೆ ಮುಖ ಒತ್ತಿಕೊಂಡಳು. ಆ ಐದು ನಿಮಿಷ ನಾನು ಎಷ್ಟು ಸುಖವಾಗಿದ್ದೆ ಎಂದು ಈಗ ನೆನೆದರೆ ಆಶ್ಚರ್ಯವಾಗುತ್ತದೆ.

ಆದರೆ ಅಲ್ಲಿ ಒಂದು ಎಡವಟ್ಟು ಆಗಿತ್ತು. ನಾವು ಬಾಗಿಲು ಹಾಕಿಕೊಂಡು ಒಳಗೆ ನಿಂತಿದ್ದರಿಂದ ರಿಸೀವರು ಮುಚ್ಚಿದ ಬಾಗಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅಡುಗೆಮನೆಯ ಬಾಗಿಲು ತೆರೆದರೆ ಸಾಕು, ಬಲಗಡೆಯ ಸದ್ದು ಒಗ್ಗರಣೆ ಡಬ್ಬದ ಕಡೆ ಓಡಿಹೋಗುತ್ತಿತ್ತು. ಇನ್ನೊಮ್ಮೆ ಅಳೆಯೋಣ ಎಂದರೆ ಅವರು ಒಪ್ಪಲಿಲ್ಲ. ಬಾಗಿಲು ಹಾಕಿದಾಗ ಅಷ್ಟು ಚೆನ್ನಾಗಿದೆ, ಕೆದಕುವುದೇಕೆ? ಸಂಜೆ ಅಪ್ಪ ಮಗಳು ಏನಾದರೂ ನೋಡುವಾಗ ಬಾಗಿಲು ಹಾಕಿಕೊಂಡು ನಾನು ಅಡುಗೆ ಮಾಡಬೇಕಾಯಿತು. ಹೀಗೆ ಆ ಮನೆಯಲ್ಲಿ ನನಗೆ ಎರಡು ಜಾಗ ಉಳಿದವು. ಒಂದು ಕುರ್ಚಿ, ಒಂದು ಮುಚ್ಚಿದ ಬಾಗಿಲಿನ ಹಿಂದೆ.

ಮೊದಲ ಗುರುವಾರ ಎರಡೂವರೆಗೆ ಅವರು ಅಂಗಡಿ ಮುಚ್ಚಿದರು, ಗುಬ್ಬಿ ಕ್ಲಾಸು ತಪ್ಪಿಸಿದಳು. ನಾನು ಕುರ್ಚಿಯಲ್ಲಿ ಕೂತೆ. ಇಲ್ಲದ್ದನ್ನು ಹೇಳಬಾರದು, ಸದ್ದು ಬಹಳ ಚೆನ್ನಾಗಿತ್ತು. ಕತೆಯಲ್ಲಿ ಒಬ್ಬಳು ಗುಹೆಯೊಳಗೆ ನಡೆಯುತ್ತಾಳೆ, ನೀರು ತೊಟ್ಟಿಕ್ಕುತ್ತದೆ. ನಲ್ಲಿ ಬಿಟ್ಟು ಬಂದೆನೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಅಪ್ಪ ಮಗಳು ಚಪ್ಪಾಳೆ ತಟ್ಟಿದರು.

"ಹಿಂದಿಂದ ಬಂತಾ? ಬಂತಾ ಇವಳೇ?"

"ಬಂತು ರೀ."

ಅವರು ಸಿನಿಮಾ ನೋಡಲೇ ಇಲ್ಲ, ರಿಮೋಟು ಹಿಡಿದು ಪಕ್ಕದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ನಗಬೇಕಾದಲ್ಲಿ ನಕ್ಕೆನೇ, ಬೆಚ್ಚಬೇಕಾದಲ್ಲಿ ಬೆಚ್ಚಿದೆನೇ ಎಂದು. ಸ್ವಲ್ಪ ಹಿಂದಕ್ಕೆ ಒರಗಿದರೆ, "ಕಿವಿ ಕೆಳಗಿಳೀತು ನೋಡು. ನೆಟ್ಟಗೆ ಕೂತ್ಕೋ, ನಲವತ್ತಮೂರು." ಉಸಿರು ಹಿಡಿದು ಅಳೆದ ಎತ್ತರ ಅದು. ಮೂರು ಗಂಟೆ ಹಾಗೆ ಕೂರುವುದಕ್ಕೆ ಯಾರಿಂದ ಆಗುತ್ತದೆ?

ಎರಡನೆಯ ಗುರುವಾರದಿಂದ ಅವರು ಕೆಳಗೇ ಉಳಿದರು, ಅಂಗಡಿ ಎಷ್ಟು ದಿನ ಮುಚ್ಚಲು ಆಗುತ್ತದೆ? ನನಗೆ ಸ್ವಲ್ಪ ಹಗುರಾಯಿತು. ದೀಪ ಆರಿಸಿ ಕೂತು ಹತ್ತು ನಿಮಿಷ ಆಗಿರಬೇಕು, ಕೆಳಗಿನಿಂದ ಕುಟ್ಟಿದರು. ನಾಲ್ಕು ಸಲ. ನಾಲ್ಕು ಎಂಬುದು ನಮ್ಮಲ್ಲಿ ಇರಲಿಲ್ಲ. ಗಾಬರಿಯಾಗಿ ಇಳಿದು ಹೋದೆ.

"ಏನಿಲ್ಲ," ಎಂದರು ಸೂಜಿ ಬಾಯಲ್ಲಿಟ್ಟುಕೊಂಡು. "ಸೌಂಡು ಸರಿ ಇದೆಯಾ ಅಂತ ಕೇಳಿದೆ. ಇನ್ನು ಇಳಿದು ಬರಬೇಡ, ಪಾಪ, ಕಾಲು. ಸರಿ ಇದ್ರೆ ನೆಲಕ್ಕೆ ಒಂದು ಸಲ ಒದ್ದುಬಿಡು."

ಆಮೇಲೆ ಕಾಲು ಗಂಟೆಗೊಮ್ಮೆ ನಾಲ್ಕು ಕುಟ್ಟು. ನಾನು ಒಂದು ಒದೆತ. ಮಧ್ಯೆ ಚಹಾದ ಎರಡು ಕುಟ್ಟೂ ಇದ್ದವು.

ಮೂರನೆಯ ವಾರ ಧೈರ್ಯ ಮಾಡಿ ಹೇಳಿದೆ. "ಎಷ್ಟೇ ಆದ್ರೂ ಅಲ್ಲಿನ ಥರ ಆಗಲ್ಲ ಕಣ್ರೀ." ಅಲ್ಲಿಂದ ಮುಂದಿನ ಮಾತನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವರು ಬಿಡಲಿಲ್ಲ. "ನನಗೂ ಅನ್ನಿಸ್ತು. ಎದೆಗೆ ಗುದ್ದಲ್ಲ, ಅಲ್ವಾ?" ಎಂದರು. ಶನಿವಾರ ಸಬ್‌ವೂಫರ್ ಬಂತು. ಸಣ್ಣ ಬೀರುವಿನಷ್ಟು ದೊಡ್ಡದು, ಕಪ್ಪಗೆ. ಓವರ್‌ಲಾಕ್ ಮಿಷನ್ನಿನ ದುಡ್ಡಿನಲ್ಲಿ ಉಳಿದದ್ದೂ ಅದರೊಳಗೆ ಹೋಯಿತು. ನಾನು ಕೊರತೆ ಹೇಳಿದಷ್ಟೂ ಈ ಕೋಣೆಗೆ ಸಾಮಾನು ಬರುತ್ತದೆ ಎಂದು ಅವತ್ತು ಗೊತ್ತಾಯಿತು. ಹೇಳದಿದ್ದರೆ ಕುರ್ಚಿ. ಹೇಳಿದರೆ ಇನ್ನೊಂದು ಪೆಟ್ಟಿಗೆ.

ಐದನೆಯ ಗುರುವಾರ ಬೆಳಗಿನಿಂದ ಕೈಯಲ್ಲಿ ಕೆಲಸ ನಿಲ್ಲಲಿಲ್ಲ. ಕಾಜಾ ಎರಡು ಸಲ ಬಿಚ್ಚಿ ಹಾಕಿದೆ. ಊಟದ ಪಾತ್ರೆ ತೊಳೆದಿಟ್ಟು, ತಲೆ ಬಾಚಿ, ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಮೆಟ್ಟಿಲಿಳಿದರೆ ಅಂಗಡಿಯನ್ನು ಹಾದೇ ಬೀದಿಗೆ ಹೋಗಬೇಕು. ಅವರು ಕತ್ತರಿ ಕೆಳಗಿಟ್ಟರು.

"ಏನಾಯ್ತು? ರಿಸೀವರು ಕೆಟ್ಟೋಯ್ತಾ?"

"ಇಲ್ಲ. ಚೆನ್ನಾಗಿದೆ."

"ಮತ್ತೆ?"

"ಥಿಯೇಟರಿಗೆ ಹೋಗಿಬರ್ತೀನಿ."

ಅವರು ಅರ್ಥವಾಗದೆ ಚಾವಣಿಯ ಕಡೆ ನೋಡಿದರು. "ಹಿಂದಿನ ಎರಡು ತೀರಾ ಸಣ್ಣದಾಯ್ತು, ಅದಕ್ಕೇ ಅಲ್ವಾ? ಮೆಕ್ಯಾನಿಕ್ ಬದಲಾಯಿಸಿ ಕೊಡ್ತಾನಂತೆ, ಕೇಳಿದ್ದೀನಿ."

"ರೀ, ಸ್ಪೀಕರು ಬಿಡಿ. ಅಲ್ಲಿ ನನ್ನನ್ನ ಯಾರೂ ಕರೆಯಲ್ಲ. ನಾನು ಹೋಗ್ತಿದ್ದದ್ದೇ ಅದಕ್ಕೆ."

"ಇಲ್ಲಿ ಯಾರು ಕರೀತಾರೆ?"

ನಿಜವಾಗಿಯೂ ಕೇಳಿದರು. ಅಳತೆಕೋಲು ಅವರ ಕೈಗೆಟುಕುವಲ್ಲಿ ಮೇಜಿಗೆ ಒರಗಿ ನಿಂತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವರು ನೋಡಿದರು. "ಇದಾ?" ಎಂದರು.

"ಅದೊಂದೇ ಅಲ್ಲ."

"ನಾನು ಜೋರಾಗಿ ಕುಟ್ಟಿದ್ದೇ ಇಲ್ಲವಲ್ಲ."

"ಇಲ್ಲ. ಒಂದು ದಿನವೂ ಇಲ್ಲ."

ಅವರು ಕೂತರು. ಹೊಲಿಗೆಯ ಮಿಷನ್ನಿನ ಮೇಲಿದ್ದ ಕೋಟಿನ ತೋಳನ್ನು ಸುಮ್ಮನೆ ನೇವರಿಸಿದರು. "ಅವತ್ತೇ ಹೇಳಬಾರದಿತ್ತಾ? ಸ್ಪೀಕರಿನ ಅಂಗಡಿಯಲ್ಲಿ ಅವನು ಕೇಳಿದನಲ್ಲ, ನಿನ್ನನ್ನೇ ಕೇಳಿದ."

"ಹೇಳಬೇಕಿತ್ತು. ನಿಮ್ಮ ಮುಖ ನೋಡಿ ಬಾಯಿ ಬರಲಿಲ್ಲ. ತಪ್ಪು ನನ್ನದೇ."

ಬೈದಿದ್ದರೆ ಚೆನ್ನಾಗಿತ್ತು, ಎದುರುತ್ತರ ಕೊಟ್ಟು ಹೊರಟುಬಿಡುತ್ತಿದ್ದೆ. ಅವರು ಬೈಯಲಿಲ್ಲ. ಯೋಚನೆ ಮಾಡಿದರು. ಅಳತೆಗೆ ಬಟ್ಟೆ ಸಾಲದೆ ಬಂದಾಗ ಎಲ್ಲಿಂದ ಎಷ್ಟು ಜೋಡಿಸಲಿ ಎಂದು ಯೋಚಿಸುತ್ತಾರಲ್ಲ, ಹಾಗೆ. ಆಮೇಲೆ ಮುಖ ಅರಳಿತು.

"ಹಾಗಾದ್ರೆ ಒಂದು ಕೆಲಸ ಮಾಡೋಣ. ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿಬಿಡ್ತೀನಿ. ಇಬ್ಬರೂ ಹೋಗೋಣ. ನಿನ್ನನ್ನ ಒಂದು ಸಲಾನೂ ಕರೆಯಲ್ಲ, ಆಣೆ. ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ."

ಮಾತಾಡುತ್ತಲೇ ಎದ್ದು ಬಾಗಿಲಿನ ಬೀಗಕ್ಕೆ ಕೈಹಾಕಿದ್ದರು. ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು.

"ಬೇಡ," ಎಂದೆ.

ಚಹಾಕ್ಕೆ ಸಕ್ಕರೆ ಬೇಡ, ಇಷ್ಟು ಬೆಲೆಯ ಬಟ್ಟೆ ಬೇಡ ಎಂದೆಲ್ಲ ಹೇಳಿದ್ದೇನೆ. ಅವರನ್ನು ಬೇಡ ಎಂದಿರಲಿಲ್ಲ. ಆ ಚಪ್ಪಲಿಯೊಳಗೆ ಕಾಲನ್ನು ಪೂರ್ತಿ ತೂರಿಸುವುದೋ ಹೊರಗೆ ತೆಗೆಯುವುದೋ ಗೊತ್ತಾಗದೆ ಅವರು ಹಾಗೆಯೇ ನಿಂತರು. ಏನಾದರೂ ಹೇಳಿ ಅದನ್ನು ಮೆತ್ತಗೆ ಮಾಡಬೇಕೆಂದು ಮಾತು ನನ್ನ ನಾಲಿಗೆ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡು ಚೀಲವನ್ನು ಭುಜಕ್ಕೆ ಏರಿಸಿದೆ.

"ಒಬ್ಬಳೇ ಹೋಗ್ತೀಯ."

"ಒಬ್ಬಳೇ."

"ಎಷ್ಟೊತ್ತಿಗೆ ಬರ್ತೀಯ?"

"ಆರಕ್ಕೆ ಮುಂಚೆ."

"ಬರ್ತೀಯ ತಾನೇ?" ಎಂದು ನಗಲು ನೋಡಿದರು.

"ಬರದೆ ಎಲ್ಲಿಗೆ ಹೋಗ್ಲಿ?" ಎಂದು ನಾನೂ ನಗುತ್ತಲೇ ಹೇಳಿದೆ. ಹೇಳಿದ ಮೇಲೆ ಆ ಮಾತು ಹೇಗೆ ಕೇಳಿಸಿತೆಂದು ಇಬ್ಬರಿಗೂ ತಿಳಿಯಿತು. ಅವರು ಬಗ್ಗಿ ಚಪ್ಪಲಿಯಿಂದ ಕಾಲು ತೆಗೆದು, ಎರಡನ್ನೂ ಜೋಡಿಸಿ ಗೋಡೆಗೆ ಒತ್ತಿಟ್ಟರು.

ನಾನು ಬೀದಿಗೆ ಇಳಿದೆ. ಬಿಸಿಲಿತ್ತು. ಪಕ್ಕದ ಬೇಕರಿ ದಾಟಿರಲಿಲ್ಲ, ಹಿಂದೆ ನಮ್ಮ ಮನೆಯ ಮಹಡಿಯಿಂದ ಸದ್ದು ಶುರುವಾಯಿತು. ಅವರು ಮೇಲೆ ಹೋಗಿ ಹಾಕಿದ್ದರು. ಕೋಪಕ್ಕೋ, ತಾವೊಮ್ಮೆ ಆ ಕುರ್ಚಿಯಲ್ಲಿ ಕೂತು ನೋಡೋಣ ಎಂದೋ ತಿಳಿಯದು. ಕಿಟಕಿಗೆ ಅಷ್ಟು ದಪ್ಪದ ಹಲಗೆ ಇದ್ದುದರಿಂದ ಮಾತು, ಸಂಗೀತ ಯಾವುದೂ ಹೊರಗೆ ಬರುತ್ತಿರಲಿಲ್ಲ. ಸಬ್‌ವೂಫರಿನ ಗುದ್ದು ಮಾತ್ರ ಗೋಡೆ ದಾಟಿ ಬರುತ್ತಿತ್ತು. ಅದನ್ನು ಯಾವ ಬಟ್ಟೆಯೂ ತಡೆಯುವುದಿಲ್ಲವೆಂದು ಪೆಟ್ಟಿಗೆ ಕೊಡುವಾಗ ಮೆಕ್ಯಾನಿಕ್ ಹೇಳಿದ್ದು ನಿಜ. ಹಿಂದೆ ತಿರುಗಿ ನೋಡಲಿಲ್ಲ. ಬೇಕರಿ ದಾಟಿದೆ, ಸೈಕಲ್ ಅಂಗಡಿ ದಾಟಿದೆ, ಶಾಲೆಯ ಗೋಡೆಯ ಉದ್ದಕ್ಕೂ ನಡೆದೆ. ಕಾಲಿನ ಕೆಳಗೆ ಆ ಗುದ್ದು ಇನ್ನೂ ಇತ್ತು. ಅವರು ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿರಬಹುದು ಎನಿಸಿತು. ಅವರ ಕಿವಿ ನನ್ನದಕ್ಕಿಂತ ಮೂರು ಇಂಚು ಮೇಲೆ, ಏನೂ ಸರಿಯಾಗಿ ಕೇಳಿಸಿರಲಾರದು.

ಶಾಲೆಯ ಮೂಲೆಯಲ್ಲಿ ತಿರುಗುವಾಗ ಸದ್ದು ನಿಂತಿತು. ಅವರು ಆರಿಸಿದರೋ, ನಾನು ಅಷ್ಟು ದೂರ ಬಂದೆನೋ ಗೊತ್ತಾಗಲಿಲ್ಲ. ನಿಂತು ಕಿವಿಗೊಟ್ಟೆ. ಒಂದು ಆಟೋ ಹಾದುಹೋಯಿತು, ಆಮೇಲೆ ಏನೂ ಇಲ್ಲ. ವಾಪಸು ಎರಡು ಹೆಜ್ಜೆ ಇಟ್ಟು ನೋಡಿದರೆ ತಿಳಿಯುತ್ತಿತ್ತು. ಆ ಎರಡು ಹೆಜ್ಜೆ ಇಡಲಿಲ್ಲ. ಆಟಕ್ಕೆ ಇನ್ನು ಹತ್ತು ನಿಮಿಷವಿತ್ತು. ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ಬೇಗ ಬೇಗ ನಡೆದೆ.